ಯಜ್ಡಿಯ ಸ್ಕ್ರೂ, ಎಫ್‌ಐ ಬೈಕಿನ ಡಬ್ಬಿ

ನಾನು ಮುಂಬಯಿಗೆ ಬಂದ ಹೊಸತರಲ್ಲಿ ಕುರ್ಲಾದ ಗ್ಯಾರೇಜೊಂದರಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದರು. ಯಜ್ಡಿ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ, ಕಾರ್ಬ್ಯುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ "ಬಸ್, ಹೋ ಗಯಾ" ಎನ್ನುತ್ತಿದ್ದರು. ಆಮೇಲೆ ಪ್ಲಗ್ ಬಿಚ್ಚಿ ನೋಡುವುದು. ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ಕಾಫಿಪುಡಿ ಬಣ್ಣವಿದ್ದರೆ ಸರಿ. ಮೈಸೂರಲ್ಲಿ ಹುಟ್ಟಿದ ಬೈಕಿಗೆ ಕಾಫಿಪುಡಿಯೇ ಅಳತೆ!

ಹೌದು, 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಮೈಸೂರಿನದೇ. ಆಗ ಟ್ಯೂನಿಂಗ್ ಎಂದರೆ ಸ್ಕ್ರೂ ತಿರುಗಿಸುವುದು, ಜೆಟ್ ಬದಲಿಸುವುದು. ಸ್ಕ್ರೂ ಹಿಂದಕ್ಕೆ ತಿರುಗಿಸಿದರೆ ಗುರುತೂ ಉಳಿಯುತ್ತಿರಲಿಲ್ಲ. ವಾರಂಟಿ ಜಗಳ ಎಲ್ಲಿಂದ ಬರಬೇಕು?

ಆಮೇಲೆ ಫ್ಯೂಯೆಲ್ ಇಂಜೆಕ್ಷನ್ ಬಂತು. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ, 2007ರಲ್ಲಿ ಪಲ್ಸರ್ 220. ತಮಾಷೆಯೆಂದರೆ 2009ರಲ್ಲಿ ಬಜಾಜ್‌ನವರು ಅದೇ 220ಕ್ಕೆ ಮತ್ತೆ ಕಾರ್ಬ್ಯುರೇಟರ್ ಹಾಕಿದರು! ಆದರೆ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಸಾಮಾನ್ಯ ಬೈಕುಗಳಲ್ಲೂ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮಾಯವಾಯಿತು.

ಈಗ ಪೆಟ್ರೋಲ್ ಎಷ್ಟು ಬೇಕೆಂದು ಹೇಳುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಮಾತು ಕೇಳಿ, ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬರುವಂತೆ ನೋಡಿಕೊಳ್ಳುತ್ತದೆ. ಹೊಗೆ ಶುದ್ಧವಾಗಲು ಅದು ಬೇಕು. ನಮ್ಮ ಹುಡುಗರು ಫ್ರೀ-ಫ್ಲೋ ಸೈಲೆನ್ಸರ್, ಹೊಸ ಏರ್ ಫಿಲ್ಟರ್ ಹಾಕಿದಾಗ ಗಾಳಿ ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಅಂಧೇರಿ-ಕುರ್ಲಾ ರಸ್ತೆಯ ಜಾಮಿನಲ್ಲಿ ಬೈಕು ಜಗ್ಗುತ್ತದೆ, ಕಾಯುತ್ತದೆ. ಅದಕ್ಕೇ ಟ್ಯೂನರ್ ಡಬ್ಬಿ. ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತದೆ. ಇಂಥ ಡಬ್ಬಿಗಳಲ್ಲಿ ಹೆಸರಾದ ಪವರ್‌ಟ್ರಾನಿಕ್ ಬೆಂಗಳೂರಿನದು. ನೋಡಿ, ಬೈಕೂ ನಮ್ಮೂರಿಂದ, ಡಬ್ಬಿಯೂ ನಮ್ಮೂರಿಂದ!

ನನ್ನ ಮಗನೂ ಒಂದು ಹಾಕಿಸಿದ. ಐದು ತಿಂಗಳಿಗೆ ಮುಂದಿನ ಫೋರ್ಕಿನಲ್ಲಿ ಆಯಿಲ್ ಸೋರಿತು. ಸರ್ವಿಸ್ ಸೆಂಟರಿನವರು ಸೀಟು ಎತ್ತಿ ಡಬ್ಬಿ ನೋಡಿದರು, "ವಾರಂಟಿ ಗಯಾ" ಎಂದರು. ಫೋರ್ಕಿಗೂ ಪೆಟ್ರೋಲಿಗೂ ಏನು ಸಂಬಂಧ ಸ್ವಾಮಿ? ಉತ್ತರವಿಲ್ಲ. ನಾವೇ ದುಡ್ಡು ಕೊಟ್ಟೆವು.

ಆಮೇಲೆ ಹುಡುಕಿದಾಗ ಸಿಕ್ಕಿದ್ದು ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ ತಿಂಗಳ ಆದೇಶ. 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿದ ಆಯೋಗ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡಬಾರದು, ಆ ರಿಪೇರಿಯಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತ್ತು. ಅದು ಕಾರಿನ, ರಿಪೇರಿಯ ಪ್ರಕರಣ. ಟ್ಯೂನರಿಗೆ ನೇರವಾಗಿ ಅನ್ವಯಿಸುತ್ತದೆ ಎನ್ನಲಾರೆ. ಆದರೆ ನ್ಯಾಯದ ತರ್ಕ ಅದೇ ಅಲ್ಲವೇ?

ಕಂಪನಿಗಳ ಭಯವೂ ಪೂರ್ತಿ ಸುಳ್ಳಲ್ಲ. 2016ರಲ್ಲಿ ಅಮೆರಿಕದಲ್ಲಿ ಹಾರ್ಲೆ-ಡೇವಿಡ್‌ಸನ್ ತಾನೇ ಮಾರಿದ ಟ್ಯೂನರುಗಳಿಂದ ಹೊಗೆ ಮಿತಿ ಮೀರುತ್ತದೆಂಬ ಆರೋಪಕ್ಕೆ 1.2 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಮಗನ ಬೈಕಿನ ಪಿಸ್ಟನ್ನೇ ಸುಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ನಮ್ಮ ತಪ್ಪು ಒಂದೇ. ಯಾವ ಭಾಗ, ಯಾವ ಕಾರಣಕ್ಕೆ ಕೆಟ್ಟಿತು ಎಂದು ಬರೆದು ಕೊಡಿ ಎಂದು ಕೇಳಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೆ ಕೈಯಲ್ಲಿ ಕಾಗದ ಬೇಕು. ಕುರ್ಲಾದ ಮೆಕ್ಯಾನಿಕ್‌ಗೆ ಕಿವಿಯೊಂದಿದ್ದರೆ ಸಾಕಿತ್ತು, ಈಗಿನ ಬೈಕಿಗೆ ಕಾಗದವೂ ಬೇಕು.