ಗಂಡುಗಲಿಯ ಕತ್ತಿ, ನಮ್ಮವರ ಗದ್ದೆ

ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರವನ್ನು ತಲೆ ಮೇಲೆ ಹೊತ್ತು ಮೆರೆಸೋರು ಇದ್ದಾರೆ. ಜಪಾನಿನ ಕುರೊಸಾವಾನ ನೆರಳು ಅಂತ ತಳ್ಳಿಹಾಕೋರೂ ಇದ್ದಾರೆ. ಎರಡೂ ಸೋಮಾರಿ ಮಾತು. ಈ ಯುದ್ಧದ ಚಿತ್ರ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅನ್ನೋದನ್ನು ಉಡುಪಿ, ಕಾರ್ಕಳದ ಕಡೆಯ ನಾವು ನಮ್ಮ ನೆಲದ ಮೇಲೆ ನಿಂತೇ ನೋಡಬೇಕು.

ಮೊದಲು ಗೆದ್ದದ್ದು. ‘ರಣಧೀರ ಕಂಠೀರವ’ (1960), ‘ಇಮ್ಮಡಿ ಪುಲಿಕೇಶಿ’ (1967), ‘ಮಯೂರ’ (1975) ಚಿತ್ರಗಳಲ್ಲಿ ರಾಜನೇ ದೇವರು. ಕಾರ್ನಾಡರು ಆ ಕಿರೀಟ ಕಿತ್ತು ಪಕ್ಕಕ್ಕಿಟ್ಟರು. ಇಲ್ಲಿರುವುದು ಒಂದೇ ಮನೆತನದ ಇಬ್ಬರು ಪಾಳೆಯಗಾರರ ಜಗಳ. ಒಂದು ಕಡೆ ಕೂಲಿಗೆ ಕತ್ತಿ ಹಿಡಿದ ಗಂಡುಗಲಿ, ಇನ್ನೊಂದು ಕಡೆ ಪಳಗಿದ ದಂಡನಾಯಕ ಪೆರ್ಮಾಡಿ. ಯುದ್ಧ ಅಂದರೆ ಧರ್ಮ ಅಲ್ಲ, ಸಂಬಳ. ದಣಿಗಳು ದುಡಿಸಿ ಬಿಸಾಕುತ್ತಾರೆ ಅಂತ ಗೊತ್ತಾದಾಗ ಶತ್ರುಗಳಾಗಿದ್ದ ಇಬ್ಬರು ಆಳುಗಳೂ ಒಂದಾಗುತ್ತಾರೆ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಇದು ಸಣ್ಣ ಮಾತೇನೂ ಆಗಿರಲಿಲ್ಲ. ಗಂಡುಗಲಿಯಾದ ಶಂಕರನಾಗ್‌ಗೆ ಅದೇ ಮೊದಲ ಚಿತ್ರ. 1979ರ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿಯೂ ಬಂತು.

ಇನ್ನು ಸೋತದ್ದು. ಕುರೊಸಾವಾನ ‘ಸೆವೆನ್ ಸಮುರಾಯ್’ (1954) ಚಿತ್ರದಲ್ಲಿ ಕತ್ತಿಯಾಳುಗಳನ್ನು ಹುಡುಕಿ ಕರೆತರೋರು ರೈತರು. ಬೆಳೆ ಅವರದು, ಭಯ ಅವರದು, ಕೂಲಿಯಾಗಿ ಕೊಟ್ಟ ಅನ್ನವೂ ಅವರದೇ. ಗೆದ್ದೋರು ರೈತರು, ನಾವಲ್ಲ ಅಂತ ಸಮುರಾಯ್ ನಾಯಕನೇ ಕೊನೆಗೆ ಒಪ್ಪುತ್ತಾನೆ. ಕಾರ್ನಾಡರು ಕತ್ತಿವರಸೆ ತಂದರು, ರೈತನನ್ನು ಅಲ್ಲೇ ಬಿಟ್ಟುಬಂದರು. ಪಾಳೆಯಗಾರನ ಕಣಜ ತುಂಬಿದ ಜೀತದಾಳು ಕತೆಯ ನಡುವಿಗೆ ಬರೋದೇ ಇಲ್ಲ. ಹಾಗಾಗಿ ಆ ಇಬ್ಬರ ಬಂಡಾಯ ಮಾನದ ಪ್ರಶ್ನೆಯಾಗಿಯೇ ಮುಗಿಯುತ್ತದೆ. ನೆಲದ ಪ್ರಶ್ನೆ ಆಗೋದಿಲ್ಲ.

ಇದನ್ನು ಕಲಿಯೋಕೆ ಜಪಾನಿಗೇ ಹೋಗಬೇಕಿಲ್ಲ. ನಮ್ಮ ಕೋಟಿ ಚೆನ್ನಯರ ಪಾಡ್ದನವನ್ನೇ ಕೇಳಿ. ಪಡುಮಲೆಯಲ್ಲಿ ಕಿಡಿ ಹತ್ತಿದ್ದು ಸಿಂಹಾಸನಕ್ಕಲ್ಲ, ಗದ್ದೆಗೆ, ಗದ್ದೆಯ ನೀರಿಗೆ. ಆ ಕಿಡಿ ಎಣ್ಮೂರಿನ ಕಾಳಗದವರೆಗೂ ಉರಿಯಿತು. 1973ರಲ್ಲೇ ತುಳುವಿನಲ್ಲಿ ಈ ಕತೆ ಸಿನಿಮಾ ಆಗಿತ್ತು. ಇಂಥ ಪಾಡ್ದನಗಳನ್ನು ಉಳಿಸಿಕೊಟ್ಟೋರು ಯಾರು? ಭೂತ ಕಟ್ಟುವ ಪಂಬದ, ಪರವ, ನಲಿಕೆಯವರು. ನೇಜಿ ನೆಡುವ ಹೆಂಗಸರು. ಯುದ್ಧದ ಚರಿತ್ರೆ ಹೊತ್ತೋರು ಇವರು, ಚರಿತ್ರೆಯ ಪುಟದಿಂದ ಹೊರಗೆ ಉಳಿದೋರೂ ಇವರೇ.

ಕೊರಗರದ್ದು ಇನ್ನೂ ಕಹಿ. ಹುಬಾಶಿಕ ಅನ್ನೋ ಕೊರಗ ದೊರೆ ಈ ನಾಡನ್ನು ಆಳಿದ್ದ, ಮದುವೆಯ ನೆಪದಲ್ಲಿ ಅವನನ್ನು ಮೋಸದಿಂದ ಕೊಂದು ಅವನ ಜನರನ್ನು ಕಾಡಿಗಟ್ಟಿದರು ಅನ್ನೋದು ಐತಿಹ್ಯ. ಅದು ನಡೆದದ್ದೋ ಇಲ್ಲವೋ ಅಂತ ಪಂಡಿತರು ವಾದ ಮಾಡಲಿ. ಆದರೆ ಸೋತವರಿಗೆ ಬಿದ್ದ ಶಿಕ್ಷೆ ಮಾತ್ರ ಕಣ್ಣೆದುರಿಗಿತ್ತು: ಅಜಲು ಪದ್ಧತಿಯನ್ನು ಕಾಯ್ದೆ ತಂದು ನಿಷೇಧಿಸೋಕೆ 2000ನೇ ಇಸವಿ ಬರಬೇಕಾಯ್ತು.

ಮೇಷ್ಟ್ರುಗಳೇ, ಗೆಳೆಯರೇ, ಕಾರ್ನಾಡರ ಚಿತ್ರವನ್ನು ಬಿಸಾಕಬೇಡಿ. ಕಾಪುವಿನ ಶಾಲೆಯಲ್ಲಿ, ಮಣಿಪಾಲದ ಹಾಸ್ಟೆಲಿನಲ್ಲಿ ಮಕ್ಕಳಿಗೆ ತೋರಿಸಿ. ದಣಿಯ ಜಗಳಕ್ಕೆ ಆಳು ಯಾಕೆ ಸಾಯಬೇಕು ಅನ್ನೋದನ್ನು ಅದು ಚೆನ್ನಾಗಿಯೇ ಕೇಳುತ್ತದೆ. ಅದು ಕೇಳದೆ ಬಿಟ್ಟ ಪ್ರಶ್ನೆಯನ್ನು, ದೀಪ ಹಾಕಿದ ಮೇಲೆ, ನೀವು ಕೇಳಿ: ಈ ಸೈನಿಕರು ಉಂಡ ಅನ್ನ ಯಾರ ಗದ್ದೆಯದು?