ತಂದೆಗೂ ದೊರೆತ ನ್ಯಾಯ

ಸ್ತ್ರೀವಾದವೆಂದರೆ ಹೆಂಗಸರ ವಿಷಯ, ನಮಗೇಕೆ ಎನ್ನುವ ಗಂಡಸರುಂಟು. ನಮ್ಮ ಶಾಲೆ ಆರಂಭವಾದ 1975ರಲ್ಲೇ ಅಮೆರಿಕದಲ್ಲಿ ಬಂದ ಒಂದು ತೀರ್ಪು ಬೇರೆಯೇ ಪಾಠ ಹೇಳುತ್ತದೆ.

ನ್ಯೂಜೆರ್ಸಿಯ ಪೌಲಾ ವೀಸೆನ್‌ಫೆಲ್ಡ್ ಶಾಲಾ ಶಿಕ್ಷಕಿ. ಗಂಡ ಸ್ಟೀಫನ್‌ಗಿಂತ ಅವರ ಸಂಪಾದನೆಯೇ ಹೆಚ್ಚು. ಸಂಬಳದಿಂದ ಸಾಮಾಜಿಕ ಭದ್ರತಾ ನಿಧಿಗೆ ಹಣ ಕಟ್ಟಿದ್ದರು. 1972ರಲ್ಲಿ ಹೆರಿಗೆಯ ವೇಳೆ ಅವರು ತೀರಿಕೊಂಡರು, ಮಗು ಉಳಿಯಿತು. ಕೂಸನ್ನು ತಾನೇ ಸಾಕಲು ಸ್ಟೀಫನ್ ನೆರವು ಕೇಳಿದರೆ, ಅದು ವಿಧವೆಯರಿಗೆ ಮಾತ್ರ, ವಿಧುರರಿಗಿಲ್ಲ ಎಂಬ ಉತ್ತರ ಬಂತು.

ಮಹಿಳೆಯರ ಸಮಾನತೆಗಾಗಿ ಹೋರಾಡುತ್ತಿದ್ದ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ಈ ತಂದೆಯ ಪರ ನಿಂತರು. ಗಂಡು ದುಡಿಯಬೇಕು, ಹೆಣ್ಣು ಮಕ್ಕಳನ್ನು ಸಾಕಬೇಕು ಎಂಬ ಕಟ್ಟಳೆಯು ಶಿಕ್ಷಕಿಯ ದುಡಿಮೆಯನ್ನೂ ತಂದೆಯ ಆರೈಕೆಯನ್ನೂ ಒಟ್ಟಿಗೇ ಕೀಳುಮಾಡುತ್ತದೆ ಎಂದು ವಾದಿಸಿದರು. ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಾಧೀಶರು ಸ್ಟೀಫನ್ ಪರ ತೀರ್ಪಿತ್ತರು.

ನಮ್ಮ ರಾಜ್ಯದಲ್ಲೂ ಮಹಿಳಾ ಸರ್ಕಾರಿ ನೌಕರರಿಗಿದ್ದ ಶಿಶುಪಾಲನಾ ರಜೆ 2023ರಲ್ಲಿ ಒಂಟಿ ತಂದೆಯರಿಗೂ ದೊರೆಯಿತು. ಕಾನೂನು ಬದಲಾದರೂ ಜಗಲಿಯ ಮಾತು ಬದಲಾಗಿಲ್ಲ. ಮಗುವಿಗೆ ಉಣಿಸುವ ಗಂಡಸನ್ನು ಕಂಡು ನಗುವವರು ಇನ್ನೂ ಇದ್ದಾರೆ. ಹೆಣ್ಣುಮಕ್ಕಳು ಗಣಿತ, ವಿಜ್ಞಾನ ಕಲಿತು ಮುಂದೆ ಬಂದ ಈ ಶಾಲೆಯಲ್ಲಿ, ತೊಟ್ಟಿಲು ತೂಗುವುದೂ ತನ್ನ ಕೆಲಸವೆಂದು ಗಂಡುಮಕ್ಕಳು ಕಲಿತರೆ ಇಬ್ಬರಿಗೂ ಬಿಡುಗಡೆ.