ಮೋಗ್ಲಿಂಗರು ಕಂಡ ಕೃಪೆ

ಶಿಗ್ಗಾಂವ ತಾಲೂಕಿನ ಬಾಡ ಗ್ರಾಮವು ಕನಕದಾಸರ ಜನ್ಮಸ್ಥಳ. ಯುದ್ಧದಲ್ಲಿ ಸೋತು, ಮೈಯೆಲ್ಲ ಗಾಯವಾಗಿ ಬಿದ್ದ ನಾಯಕನು ಆ ನೋವಿನಲ್ಲಿಯೇ ಹರಿಯ ಕರೆಯನ್ನು ಕೇಳಿ ದಾಸನಾದನೆಂದು ನಮ್ಮ ಭಾಗದ ಜನ ಹೇಳುತ್ತ ಬಂದಿದ್ದಾರೆ. ನೋವು ಅನುಗ್ರಹಕ್ಕೆ ಬಾಗಿಲಾಗಬಲ್ಲದೆಂಬ ಮಾತು ಹೀಗೆ ಈ ಮಣ್ಣಿಗೆ ಹೊಸದಲ್ಲ. ಕ್ರೈಸ್ತಧರ್ಮವಂತೂ ಆ ಮಾತನ್ನು ತನ್ನ ಗರ್ಭಗುಡಿಯಲ್ಲಿಯೇ ಇರಿಸಿಕೊಂಡಿದೆ. ಅದು ಪೂಜಿಸುವ ಶಿಲುಬೆ ಮೂಲತಃ ಅಪರಾಧಿಗಳನ್ನು ಕೊಲ್ಲುವ ಮರ. ದುಃಖಪಡುವವರನ್ನೇ ಧನ್ಯರೆಂದು ಕರೆದವನು ಅದರ ಗುರು.

ಆದರೆ ಇದು ಎಚ್ಚರದಿಂದ ಆಡಬೇಕಾದ ಮಾತು. ನೋವುಂಡವನು ಆಡಿದರೆ ಅದು ಅನುಭಾವ. ದಡದಲ್ಲಿ ನಿಂತು ನೋಡಿದವನು ಆಡಿದರೆ ಕ್ರೌರ್ಯ. ಬೈಬಲ್ಲಿನಲ್ಲಿ ಯೋಬನೆಂಬ ಸಜ್ಜನನು ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ, ಗೆಳೆಯರು ಬಂದು ಅವನ ಸಂಕಟಕ್ಕೆ ಅರ್ಥ ಹೇಳತೊಡಗುತ್ತಾರೆ. ಕೊನೆಗೆ ದೇವರು ಗದರಿಸುವುದು ಕೂಗಾಡಿದ ಯೋಬನಿಗಿಂತ ಹೆಚ್ಚಾಗಿ ಆ ವ್ಯಾಖ್ಯಾನಕಾರರನ್ನೇ. ಈ ವಿವೇಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಕನ್ನಡ ಸಾಹಿತ್ಯಕ್ಕೆ ಚಿರಪರಿಚಿತರಾದ ಒಬ್ಬ ಕ್ರೈಸ್ತರ ಬಾಳನ್ನು ನೋಡಬಹುದು.

ಹೆರ್ಮನ್ ಮೋಗ್ಲಿಂಗರು 1811ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದರು. 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದರು. ಮಂಗಳೂರಿನಿಂದ ಘಟ್ಟ ಹತ್ತಿದ ಮಿಶನ್ನು ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆಯೂರಿತು. ಶಿಗ್ಗಾಂವದಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ಇಂದು ಹುಬ್ಬಳ್ಳಿ ಸುಮಾರು ಒಂದು ತಾಸಿನ ದಾರಿ. ಅಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಥದ ಜನ ತಾವಾಗಿ ಪಾದ್ರಿಗಳ ಬಳಿಗೆ ಬಂದಾಗ, ಸಾವಿರಾರು ಮಂದಿ ಕ್ರಿಸ್ತನನ್ನು ಸೇರುವರೆಂಬ ಆಸೆ ಮೂಡಿತು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ಬೇಸಾಯದ ವಸಾಹತೊಂದನ್ನೂ ಕಟ್ಟಿದರು. ಜನ ಬರಲಿಲ್ಲ, ಆಸೆ ಬತ್ತಿತು.

ಹೇಳಲು ಬಂದವನು ಕೇಳಲು ಕಲಿತದ್ದು ಈ ಸೋಲಿನ ನಂತರವೇ ಎಂದು ನನಗೆ ತೋರುತ್ತದೆ. 1843ರ ಜುಲೈ 1ರಂದು ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡ ನಾಡು ಆ ದಿನವನ್ನು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತದೆ. 1848ರಿಂದ, ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ, 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಮೂಡಿದವು. ಜನರ ಮನಸ್ಸನ್ನರಿತು ಮತಬೋಧನೆ ಮಾಡುವ ಉದ್ದೇಶವೂ ಇದರಲ್ಲಿದ್ದಿತು, ನಿಜ. ಆದರೆ ಕಾವ್ಯವು ಉದ್ದೇಶದ ಅಂಕೆಯಲ್ಲಿ ನಿಲ್ಲುವ ವಸ್ತುವಲ್ಲ.

ಇದೇ ಕಾಲದಲ್ಲಿ, 1847ರಲ್ಲಿ, ಜಾನ್ ಬನಿಯನ್ನನ ಕಥನವು 'ಯಾತ್ರಿಕನ ಸಂಚಾರ'ವೆಂದು ಕನ್ನಡಕ್ಕೆ ಬಂದಿತು. ತನ್ನ ನಂಬಿಕೆಗಾಗಿ ಹನ್ನೆರಡು ವರುಷ ಸೆರೆಯಲ್ಲಿದ್ದವನ ಕೃತಿ ಅದು. ನಮ್ಮ ಹೊಸಗನ್ನಡ ಗದ್ಯಕಥನದ ಮೊದಲ ಹೆಜ್ಜೆಗಳಲ್ಲೊಂದು ಸೆರೆಮನೆ ಕಂಡವನದು ಎಂಬುದು ನೆನೆಯತಕ್ಕ ಸಂಗತಿ.

ಮೋಗ್ಲಿಂಗರ ಕಷ್ಟಗಳು ಅಲ್ಲಿಗೆ ಮುಗಿಯಲಿಲ್ಲ. ಬಂಧುವೂ ಗೆಳೆಯನೂ ಆಗಿದ್ದ, ಬೈಬಲ್ಲಿನ ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲಿದ್ದ ಗಾಟ್‌ಫ್ರೀಡ್ ವೈಗಲ್ 1855ರಲ್ಲಿ ತೀರಿಕೊಂಡರು. ಮುಂದೆ ಮೋಗ್ಲಿಂಗರು ಗೆಳೆಯನ ವಿಧವೆ ಪೌಲಿನಾರನ್ನು ವರಿಸಿದರು. ಅವನ ಮಕ್ಕಳಿಗೆ ತಂದೆಯಾದರು. ಶೋಕವು ಹೊಣೆಯಾದ ಬಗೆ ಇದು. ಪೌಲಿನಾರ ಅನಾರೋಗ್ಯದಿಂದಾಗಿ 1860ರಲ್ಲಿ ಕೊಡಗಿನ ಕೆಲಸವನ್ನು ಬಿಟ್ಟು ತಾಯ್ನಾಡಿಗೆ ಮರಳಿದರು. ಮತ್ತೆ ಈ ನಾಡನ್ನು ಕಾಣಲಿಲ್ಲ. ಆದರೂ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ವಿದ್ವಾಂಸರ ಮುಂದಿಟ್ಟರು. 1881ರಲ್ಲಿ ನಿಧನರಾದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಮೋಗ್ಲಿಂಗರ ಪ್ರಭಾವದಿಂದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದರು. ಮಂಗಳೂರು ಕೆರಳಿತು. ಮನೆ, ಜಾತಿ, ಬಳಗಗಳು ಅವರನ್ನು ಹೊರಗಿಟ್ಟವು. ಅವರು ಬಾಸೆಲ್ಲಿನಲ್ಲಿ ಓದಿ ಬೋಧಕರಾಗಿ ಮರಳಿದರು. ಕಳೆದುಕೊಂಡದ್ದರಲ್ಲಿಯೇ ತಮ್ಮ ಕರೆಯನ್ನು ಕಂಡರು. ಆದರೆ ಅವರ ಕೈಹಿಡಿದಿದ್ದ ಹೆಣ್ಣುಮಗಳು ಅವರೊಡನೆ ಹೋಗಲಿಲ್ಲ. ತಾನು ಮಾಡದ ಆಯ್ಕೆಗೆ ಬೆಲೆ ತೆತ್ತ ಆ ಬಾಳನ್ನು ಯಾವ ಆಶೀರ್ವಾದದ ಲೆಕ್ಕಕ್ಕೆ ಬರೆಯೋಣ? ಕೌಂಡಿನ್ಯರು ತಮ್ಮ ನೋವನ್ನು ಕೃಪೆಯೆಂದರೆ ತಲೆಬಾಗಬಹುದು. ಆಕೆಯ ನೋವಿಗೆ ಆ ಹೆಸರಿಡುವ ಅಧಿಕಾರ ಕೌಂಡಿನ್ಯರಿಗಿಲ್ಲ, ಮೋಗ್ಲಿಂಗರಿಗಿಲ್ಲ, ನಮಗಂತೂ ಇಲ್ಲವೇ ಇಲ್ಲ.

ಇತರರ ನೋವಿನ ಮುಂದೆ ಭಕ್ತನಿಗೆ ಉಳಿಯುವುದು ವ್ಯಾಖ್ಯಾನವಲ್ಲ, ಕೈಗೆಲಸ. ಜಾತಿಯಿಂದ ಹೊರಬಿದ್ದು ಜೀವನೋಪಾಯ ಕಳೆದುಕೊಂಡ ಹೊಸ ಕ್ರೈಸ್ತರಿಗೆ ಬರಿಯ ಸಾಂತ್ವನ ಸಾಲದೆಂದು ಬಾಸೆಲ್ ಮಿಶನ್ನು ಅರಿತುಕೊಂಡಿತು. ಮಗ್ಗಗಳು ಬಂದವು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಹಸಿದವನಿಗೆ ಶಿಲುಬೆಯ ಅರ್ಥವನ್ನು ಹೇಳುವ ಮೊದಲು ಕೂಲಿ ಕೊಟ್ಟದ್ದು ಆ ಅರ್ಥಕ್ಕೆ ಮಾಡಿದ ಅಪಚಾರವೇನೂ ಅಲ್ಲ.

ಹಾಗಾದರೆ ನೋವಿನಲ್ಲಿ ದೊರೆವ ಕೃಪೆ ಯಾವುದು? ಅದು ಸಂಕಟಕ್ಕೆ ಸಂದ ಕೂಲಿಯಲ್ಲ. ಕೂಲಿಯಾಗಿದ್ದರೆ ಮಲ್ಲಸಮುದ್ರದ ಹೊಲಗಳು ತುಂಬಬೇಕಿತ್ತು. ತಾನು ಬಯಸಿದ್ದು ಕೈತಪ್ಪಿದಾಗ, ಬಯಸದೆ ಬಂದುದನ್ನು ಗುರುತಿಸುವ ಕಣ್ಣು ಅದು. ಮೋಗ್ಲಿಂಗರು ಬಯಸಿದ ಜನಸ್ತೋಮ ಅವರಿಗೆ ದೊರೆಯಲಿಲ್ಲ. ದೊರೆತದ್ದು ಕನ್ನಡ. ಬಾಡದ ಕನಕರು ಸೇರಿದ ದಾಸಪರಂಪರೆಯ ಹಾಡುಗಳನ್ನು 1850ರಲ್ಲಿ ಕಲ್ಲಚ್ಚಿಗೆ ಏರಿಸಿದವರು ಆ ಸೋತ ಪಾದ್ರಿ. ಗೆದ್ದಿದ್ದರೆ ಅವರಿಗೆ ಆ ಹಾಡುಗಳನ್ನು ಕೇಳುವ ಬಿಡುವು ಇರುತ್ತಿದ್ದಿತೋ ಇಲ್ಲವೋ.